ಸೆಲೆಬ್ರಿಟಿ ಭವಿಷ್ಯಕಾರರ ಮಾತನ್ನು ಪರೀಕ್ಷಿಸುವುದು ಹೇಗೆ? ನಂಬುವ ಮೊದಲು ಮಾಡಬೇಕಾದ ಕೆಲಸಗಳು

2004ರ ನವೆಂಬರ್ ತಿಂಗಳು. ಅಮೆರಿಕದ ಮಾಂಟೆಲ್ ವಿಲಿಯಮ್ಸ್ ಟಿವಿ ಶೋನಲ್ಲಿ ಒಬ್ಬ ತಾಯಿ ಕೂತಿದ್ದರು. ಹೆಸರು ಲೂವಾನಾ ಮಿಲ್ಲರ್, ಊರು ಕ್ಲೀವ್‌ಲ್ಯಾಂಡ್. ಅವರ ಮಗಳು ಅಮಾಂಡಾ ಬೆರ್ರಿ 2003ರ ಏಪ್ರಿಲ್ 21ರ ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವಳು ಬರಲೇ ಇಲ್ಲ. ಮರುದಿನ ಅವಳಿಗೆ 17 ತುಂಬಬೇಕಿತ್ತು.

ತಾಯಿಯ ಎದುರು ಕೂತಿದ್ದವರು ಸಿಲ್ವಿಯಾ ಬ್ರೌನ್. ಸತ್ತವರ ಜೊತೆ ಮಾತಾಡುತ್ತೇನೆ, ಕಾಣೆಯಾದವರನ್ನು ಕಾಣುತ್ತೇನೆ ಎನ್ನುತ್ತಿದ್ದವರು. ಅವರ ಪುಸ್ತಕಗಳು ರಾಶಿ ರಾಶಿ ಮಾರಾಟವಾಗುತ್ತಿದ್ದವು. ಫೋನ್‌ನಲ್ಲಿ ಅರ್ಧ ಗಂಟೆ ಮಾತಾಡಲು ಸುಮಾರು 700 ಡಾಲರ್ ತೆಗೆದುಕೊಳ್ಳುತ್ತಿದ್ದ ಕಾಲವೂ ಇತ್ತು. ಮಗಳು ಸಿಗುತ್ತಾಳಾ ಎಂದು ತಾಯಿ ಕೇಳಿದರು. ಅವಳು ಬದುಕಿಲ್ಲ ಎಂದುಬಿಟ್ಟರು ಬ್ರೌನ್.

ಆ ಮಾತನ್ನು 98 ಪರ್ಸೆಂಟ್ ನಂಬಿದ್ದೇನೆ ಎಂದು ಮಿಲ್ಲರ್ ಆಮೇಲೆ ಊರಿನ ಪತ್ರಿಕೆಗೆ ಹೇಳಿದರು. ಮನೆಗೆ ಹೋಗಿ ಮಗಳ ಫೋಟೋಗಳನ್ನು ಗೋಡೆಯಿಂದ ಇಳಿಸಿದರು. ಅವಳ ಕಂಪ್ಯೂಟರನ್ನು ಯಾರಿಗೋ ಕೊಟ್ಟರು. 2006ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

2013ರ ಮೇ 6ರಂದು ಅಮಾಂಡಾ ಅದೇ ಊರಿನ ಒಂದು ಮನೆಯ ಬಾಗಿಲು ಒದ್ದು ಹೊರಗೆ ಬಂದಳು. ಹತ್ತು ವರ್ಷ ಒಬ್ಬ ಅವಳನ್ನು ಅಲ್ಲಿ ಕೂಡಿಹಾಕಿದ್ದ. ಇನ್ನೂ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಇದ್ದರು. ಅಮಾಂಡಾ ಅಷ್ಟೂ ದಿನ ಬದುಕಿದ್ದಳು. ಅವಳನ್ನು ನೋಡಲು ತಾಯಿ ಇರಲಿಲ್ಲ.

ನನಗೆ ಈ ಕಥೆ ಗೊತ್ತಾದ ದಿನದಿಂದ "ಭವಿಷ್ಯ ಕೇಳಿದರೆ ಏನ್ರೀ ನಷ್ಟ, ಸುಮ್ನೆ ಮನಸ್ಸಿಗೆ ಸಮಾಧಾನ" ಎಂಬ ಮಾತನ್ನು ಒಪ್ಪಲು ಆಗಿಲ್ಲ. ಅದಕ್ಕೇ ಈ ಮಾರ್ಗದರ್ಶಿ. ಟಿವಿಯಲ್ಲಿ, ಯೂಟ್ಯೂಬ್‌ನಲ್ಲಿ, ವೇದಿಕೆ ಮೇಲೆ ಯಾರಾದರೂ "ನನಗೆ ಕಾಣುತ್ತಿದೆ" ಎಂದಾಗ ನೀವು ಮನೆಯಲ್ಲೇ ಕೂತು ಏನು ಮಾಡಬಹುದು ಎಂದು ಒಂದೊಂದಾಗಿ ಹೇಳುತ್ತೇನೆ. ಒಂದು ನೋಟ್‌ಬುಕ್ ಮತ್ತು ಪೆನ್ ಇದ್ದರೆ ಸಾಕು.

ಮೊದಲ ಕೆಲಸ: ನಡೆಯುವ ಮೊದಲೇ ಬರೆದಿಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಭವಿಷ್ಯ ಹೇಳಿದ ದಿನವೇ ಬರೆದುಕೊಳ್ಳಿ. ಯಾರು ಹೇಳಿದರು, ಯಾವ ದಿನ, ಎಲ್ಲಿ, ಅವರ ಬಾಯಿಂದ ಬಂದ ಮಾತು ಏನು. ನಿಮ್ಮ ಮಾತಿನಲ್ಲಿ ಬೇಡ, ಅವರ ಮಾತಿನಲ್ಲೇ ಇರಲಿ. ವಿಡಿಯೋ ಆದರೆ ಎಷ್ಟನೇ ನಿಮಿಷ ಎಂದೂ ಹಾಕಿ. ಸ್ಕ್ರೀನ್‌ಶಾಟ್ ತೆಗೆದಿಡಿ. ತಪ್ಪಾದ ವಿಡಿಯೋಗಳು ಆಮೇಲೆ ಚಾನೆಲ್‌ನಿಂದ ಮಾಯವಾಗಬಹುದು.

ನಂತರ ಒಂದು ಗೆರೆ ಎಳೆದು ಕೆಳಗೆ ಎರಡು ವಿಷಯ ಬರೆಯಿರಿ. ಯಾವ ದಿನದೊಳಗೆ ನಡೆಯಬೇಕು? ಏನಾದರೆ ಈ ಮಾತು ಸುಳ್ಳು ಎಂದು ಒಪ್ಪಬೇಕು? ಎರಡನೇ ಪ್ರಶ್ನೆಗೆ ಉತ್ತರವೇ ಹೊಳೆಯದಿದ್ದರೆ ಅದು ಭವಿಷ್ಯವೇ ಅಲ್ಲ. ಏನೇ ನಡೆದರೂ ಸರಿ ಎನಿಸುವ ಮಾತು ಅಷ್ಟೇ.

ಇದು ಯಾಕೆ ಬೇಕು ಎಂದು 2020ರಲ್ಲಿ ಎಲ್ಲರೂ ನೋಡಿದ್ದೇವೆ. ಕೊರೊನಾ ಬಂದ ಹೊಸತರಲ್ಲಿ ಒಂದು ಪುಸ್ತಕದ ಪುಟದ ಫೋಟೋ ವಾಟ್ಸಾಪ್ ತುಂಬಾ ಓಡಾಡಿತು. ನಮ್ಮ ಕುಟುಂಬದ ಗ್ರೂಪಿಗೂ ಬಂದಿತ್ತು. 2020ರ ಸುಮಾರಿಗೆ ನ್ಯುಮೋನಿಯಾ ತರಹದ ರೋಗ ಲೋಕದ ತುಂಬಾ ಹರಡುತ್ತದೆ ಎಂದು 2008ರಲ್ಲೇ ಬರೆದಿತ್ತು. ಬರೆದವರು ಇದೇ ಸಿಲ್ವಿಯಾ ಬ್ರೌನ್. ಅಷ್ಟೊತ್ತಿಗೆ ಅವರು ತೀರಿಕೊಂಡು ಆರು ವರ್ಷ ಆಗಿತ್ತು. "ನೋಡಿ, ಎಷ್ಟು ಕರೆಕ್ಟ್!" ಎಂದು ಎಲ್ಲರೂ ಕಳಿಸಿದರು.

ಆದರೆ ಅದೇ ಸಾಲನ್ನು ಪೂರ್ತಿ ಓದಿ. ಆ ರೋಗ ಬಂದಷ್ಟೇ ಬೇಗ ಇದ್ದಕ್ಕಿದ್ದಂತೆ ಮಾಯವಾಗುತ್ತದೆ ಎಂದೂ ಅಲ್ಲಿದೆ. ಕೊರೊನಾ ಹಾಗೆ ಮಾಯವಾಯಿತಾ? ಅಲೆಯ ಮೇಲೆ ಅಲೆ ಬಂತು, ಲಸಿಕೆ ಬರಬೇಕಾಯಿತು. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ರೋಗ ಹಲವು ದೇಶಗಳನ್ನು ಹೆದರಿಸಿತ್ತು. 2008ರಲ್ಲಿ ಕೂತವರಿಗೆ ಅಂಥದ್ದೇ ಇನ್ನೊಂದು ಬರಬಹುದು ಎಂದು ಬರೆಯಲು ದಿವ್ಯದೃಷ್ಟಿ ಬೇಕಿರಲಿಲ್ಲ. ನಡೆದ ಮೇಲೆ ಹಳೆಯ ಪುಸ್ತಕದಿಂದ ಹೊಂದುವ ಅರ್ಧ ಸಾಲನ್ನು ಹೆಕ್ಕಿ ತೋರಿಸುವುದು ಬಹಳ ಸುಲಭ.

ಅಡ್ಡಗೋಡೆಯ ಮೇಲಿನ ದೀಪಗಳನ್ನು ಬೇರೆ ಮಾಡಿ

ಬರೆದಿಟ್ಟ ಮಾತುಗಳಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟಂಥವು ಎಷ್ಟಿವೆ ನೋಡಿ. "ಒಬ್ಬ ಹಿರಿಯ ನಾಯಕರಿಗೆ ಗಂಡಾಂತರ." "ಪೂರ್ವ ದಿಕ್ಕಿನಲ್ಲಿ ಭೂಮಿ ನಡುಗುತ್ತದೆ." "ನೀರಿನಿಂದ ಅನಾಹುತ." ಲೋಕದಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸುಮಾರು ನೂರರಿಂದ ನೂರೈವತ್ತು ಆಗುತ್ತವೆ. ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ನೆರೆ ಬಂದೇ ಬರುತ್ತದೆ. ಇವುಗಳ ಪಕ್ಕ ಸೊನ್ನೆ ಅಂಕ ಹಾಕಿ ಬಿಟ್ಟುಬಿಡಿ. ಸರಿಯೂ ಅಲ್ಲ, ತಪ್ಪೂ ಅಲ್ಲ.

ವ್ಯಕ್ತಿಗೆ ಹೇಳುವ ಮಾತುಗಳೂ ಹೀಗೇ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ "ಇದು ನಿನ್ನ ಸ್ವಭಾವ" ಎಂದು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟರು. ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಹಾಕಿ ಎಂದರು. ಸರಾಸರಿ 4.26 ಬಂತು! ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡದ್ದು.

ಇದನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಯುಗಾದಿಗೆ ಎಲ್ಲರೂ ಸೇರಿದಾಗ ಕಳೆದ ವಾರದ ಪತ್ರಿಕೆಯ ವಾರಭವಿಷ್ಯ ತೆಗೆದುಕೊಳ್ಳಿ. ರಾಶಿಯ ಹೆಸರು ಬಿಟ್ಟು 12 ಭವಿಷ್ಯಗಳನ್ನು 12 ಚೀಟಿಗಳಲ್ಲಿ ಬರೆದು ಕಲಸಿ. ಕಳೆದ ವಾರ ತಮಗೆ ನಿಜವಾಗಿ ಹೊಂದಿದ ಚೀಟಿಯನ್ನು ಒಬ್ಬೊಬ್ಬರೂ ಆರಿಸಲಿ. ಸುಮ್ಮನೆ ಕಣ್ಣು ಮುಚ್ಚಿ ತೆಗೆದರೂ ಹನ್ನೆರಡರಲ್ಲಿ ಒಬ್ಬರಿಗೆ ತಮ್ಮ ರಾಶಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಸಿಗುತ್ತದಾ ನೋಡಿ. ಯಾರಿಗೂ ನೋವಾಗುವುದಿಲ್ಲ, ವಾದ ಬೇಕಿಲ್ಲ, ಚೀಟಿಗಳೇ ಮಾತಾಡುತ್ತವೆ.

ಮಾಹಿತಿ ಎಲ್ಲಿಂದ ಬಂತು ಎಂದು ಹುಡುಕಿ

"ಆದರೆ ಅವರು ನನ್ನ ಅಪ್ಪನ ಹೆಸರೇ ಹೇಳಿಬಿಟ್ಟರು" ಎನ್ನುವವರು ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೆಸರು ಹೇಗೆ ಬಂತು ಎಂಬುದು ಅವರಿಗೆ ಕಾಣಲಿಲ್ಲ ಅಷ್ಟೇ.

ದಾರಿಗಳು ಎರಡು. ಒಂದು, ನಿಮ್ಮಿಂದಲೇ ತೆಗೆಯುವುದು. ಕಣಿ ಹೇಳುವವರು ತಲೆತಲಾಂತರದಿಂದ ಬಲ್ಲ ವಿದ್ಯೆ ಇದು. "ರ ಅಕ್ಷರ ಕಾಣುತ್ತಿದೆ... ರಾಮಣ್ಣ? ರಂಗಪ್ಪ? ರುದ್ರ..." ಎನ್ನುತ್ತಾ ನಿಮ್ಮ ಮುಖ ನೋಡುತ್ತಾರೆ. ನಿಮ್ಮ ಕಣ್ಣು ಅರಳಿದ ಕಡೆ ನಿಲ್ಲುತ್ತಾರೆ. ತಪ್ಪಿದ ಹೆಸರುಗಳನ್ನು ನೀವು ಮರೆಯುತ್ತೀರಿ. ಮನೆಗೆ ಬರುವ ಹೊತ್ತಿಗೆ "ಅವರೇ ಹೇಳಿದರು" ಎಂಬ ನೆನಪು ಮಾತ್ರ ಉಳಿದಿರುತ್ತದೆ. ಇದಕ್ಕೆ ಮದ್ದು ರೆಕಾರ್ಡಿಂಗ್. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಮನೆಗೆ ಬಂದು ಕೇಳಿ. ಅವರು ಕೇಳಿದ ಪ್ರಶ್ನೆಗಳೆಷ್ಟು, ಹೇಳಿದ ಮಾತುಗಳೆಷ್ಟು ಎಂದು ಎಣಿಸಿ. ಹೋಗಲೇಬೇಕಾದ ಪ್ರಸಂಗ ಬಂದರೆ ಕೂತಷ್ಟು ಹೊತ್ತು ಹೌದು, ಅಲ್ಲ ಎನ್ನದೆ ಮೌನವಾಗಿರಿ.

ಇನ್ನೊಂದು, ಮೊದಲೇ ಸಂಗ್ರಹಿಸುವುದು. ಪೀಟರ್ ಪೊಪಾಫ್ ಎಂಬ ಟಿವಿ ಬೋಧಕರು ಸಭೆಯಲ್ಲಿ ಕೂತ ಅಪರಿಚಿತರ ಹೆಸರು, ಕಾಯಿಲೆ, ವಿಳಾಸ ಹೇಳಿ ಜನರನ್ನು ಬೆರಗುಗೊಳಿಸುತ್ತಿದ್ದರು. ದೇವರು ತಿಳಿಸುತ್ತಾನೆ ಎನ್ನುತ್ತಿದ್ದರು. ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಗೆಳೆಯರು ರೇಡಿಯೋ ಯಂತ್ರ ಹಿಡಿದು ಸಭೆಗೆ ಹೋದರು. 39.17 ಮೆಗಾಹರ್ಟ್ಸ್‌ನಲ್ಲಿ ಪೊಪಾಫ್ ಅವರ ಹೆಂಡತಿಯ ದನಿ ಸಿಕ್ಕಿತು. ಜನ ಮೊದಲೇ ತುಂಬಿಸಿದ್ದ ಪ್ರಾರ್ಥನಾ ಚೀಟಿಗಳನ್ನು ಓದಿ, ಗಂಡನ ಕಿವಿಯ ಯಂತ್ರಕ್ಕೆ ಆಕೆ ಹೇಳುತ್ತಿದ್ದರು. 1986ರಲ್ಲಿ ರ‍್ಯಾಂಡಿ ಆ ರೆಕಾರ್ಡಿಂಗನ್ನು ದೇಶವೇ ನೋಡುವ ಟಿವಿ ಶೋನಲ್ಲಿ ಹಾಕಿ ತೋರಿಸಿದರು. ಮರುವರ್ಷ ಪೊಪಾಫ್ ದಿವಾಳಿ ಅರ್ಜಿ ಹಾಕಿದರು.

ಈಗ ಅಷ್ಟು ಕಷ್ಟ ಯಾಕೆ, ಫೇಸ್‌ಬುಕ್ ಇದೆ ಅಲ್ವಾ. 2017ರಲ್ಲಿ ಸೂಸನ್ ಗರ್ಬಿಕ್ ಎಂಬ, ಇಂಥ ಮೋಸಗಳನ್ನು ಬಯಲಿಗೆಳೆಯುವ ಹೋರಾಟಗಾರ್ತಿ, ಮಾರ್ಕ್ ಎಡ್ವರ್ಡ್ ಎಂಬ ಜಾದೂಗಾರರ ಜೊತೆ ಲಾಸ್ ಏಂಜಲೀಸ್‌ನಲ್ಲಿ ಸತ್ತವರ ಜೊತೆ ಮಾತಾಡುತ್ತೇನೆ ಎನ್ನುವ ಥಾಮಸ್ ಜಾನ್ ಎಂಬ ಪ್ರಸಿದ್ಧರ ಕಾರ್ಯಕ್ರಮಕ್ಕೆ ಸುಳ್ಳು ಹೆಸರಿನಲ್ಲಿ ಟಿಕೆಟ್ ಕೊಂಡು ಹೋದರು. ಆ ಹೆಸರುಗಳಿಗೆ ಗೆಳೆಯರು ನಕಲಿ ಫೇಸ್‌ಬುಕ್ ಖಾತೆ ತೆರೆದು, ಇಲ್ಲದ ಸಂಬಂಧಿಕರನ್ನೂ ಇಲ್ಲದ ಸಾವುಗಳನ್ನೂ ಬರೆದಿದ್ದರು. ಏನು ಬರೆದಿದೆ ಎಂಬುದು ಗರ್ಬಿಕ್ ಅವರಿಗೇ ಗೊತ್ತಿರಲಿಲ್ಲ. ಅವರ ಮುಖದಿಂದ ಯಾರೂ ಓದಲು ಆಗಬಾರದು ಎಂದು ಹಾಗೆ ಮಾಡಿದ್ದರು. ವೇದಿಕೆಯಿಂದ ಬಂದದ್ದು ಆ ಕಟ್ಟುಕಥೆಯ ವಿವರಗಳೇ. ತಾನು ಫೇಸ್‌ಬುಕ್ ನೋಡುವುದಿಲ್ಲ ಎಂದು ಥಾಮಸ್ ಜಾನ್ ಹೇಳಿದರು.

ನೀವು ಮಾಡಬೇಕಾದದ್ದು ಇಷ್ಟು. ಟಿಕೆಟ್ ಅಥವಾ ಅಪಾಯಿಂಟ್‌ಮೆಂಟ್ ಮಾಡಿದ ಹೆಸರು, ಫೋನ್ ನಂಬರ್ ಹಾಕಿ ಇಂಟರ್ನೆಟ್‌ನಲ್ಲಿ ನೀವೇ ಹುಡುಕಿ. ಹತ್ತು ನಿಮಿಷದಲ್ಲಿ ನಿಮ್ಮ ಬಗ್ಗೆ ಏನೇನು ಸಿಗುತ್ತದೆ ಪಟ್ಟಿ ಮಾಡಿ. ಆಮೇಲೆ ರೆಕಾರ್ಡಿಂಗ್ ಜೊತೆ ಇಟ್ಟು ನೋಡಿ.

ತಪ್ಪಿದ್ದನ್ನೂ ಎಣಿಸಿ

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಕಾಗೆ ಕೂತರೂ ಮುರಿಯದ ಟೊಂಗೆಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ನೀವು ಇಡಿ.

ಜೀನ್ ಡಿಕ್ಸನ್ ಎಂಬ ಭವಿಷ್ಯ ಹೇಳುವಾಕೆ ಅಮೆರಿಕದಲ್ಲಿ ಹೆಸರಾದದ್ದು ಅಧ್ಯಕ್ಷ ಕೆನಡಿ ಅವರ ಸಾವನ್ನು ಮೊದಲೇ ಹೇಳಿದರು ಎಂಬ ಕಾರಣಕ್ಕೆ. 1960ರ ಚುನಾವಣೆಯಲ್ಲಿ ಡೆಮಾಕ್ರಟ್ ಪಕ್ಷದವರು (ಕೆನಡಿ ಆ ಪಕ್ಷದವರು) ಗೆಲ್ಲುತ್ತಾರೆ, ಅಧಿಕಾರದಲ್ಲಿರುವಾಗಲೇ ಸಾಯುತ್ತಾರೆ ಎಂದು 1956ರಲ್ಲಿ ಆಕೆ ಹೇಳಿದ್ದು ನಿಜ. ಆದರೆ 1960ರಲ್ಲಿ ಕೆನಡಿ ಗೆಲ್ಲುವುದಿಲ್ಲ ಎಂದೂ ಆಕೆಯೇ ಹೇಳಿದ್ದರು. ಚಂದ್ರನ ಮೇಲೆ ಮೊದಲು ಕಾಲಿಡುವವರು ರಷ್ಯನ್ನರು ಎಂದೂ ಹೇಳಿದ್ದರು. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟರು. ಈ ಮರೆವಿಗೆ ಗಣಿತಜ್ಞ ಜಾನ್ ಅಲೆನ್ ಪೌಲೋಸ್ ಆಕೆಯ ಹೆಸರನ್ನೇ ಇಟ್ಟಿದ್ದಾರೆ.

ಸಿಲ್ವಿಯಾ ಬ್ರೌನ್ ತಮ್ಮ ಮಾತು ಶೇಕಡಾ 85ಕ್ಕಿಂತ ಜಾಸ್ತಿ ಸರಿಯಾಗುತ್ತದೆ ಎನ್ನುತ್ತಿದ್ದರು. 2010ರಲ್ಲಿ ಇಬ್ಬರು ಸಂಶೋಧಕರು ಕೂತು, ಕಾಣೆಯಾದವರ ಮತ್ತು ಕೊಲೆಯಾದವರ ಬಗ್ಗೆ ಆಕೆ ಹೇಳಿದ 115 ಪ್ರಕರಣಗಳನ್ನು ಒಂದೊಂದಾಗಿ ತೆಗೆದು ನೋಡಿದರು. 25ರಲ್ಲಿ ನಿಜ ಏನೆಂದು ಗೊತ್ತಾಗಿತ್ತು. ಆ ಇಪ್ಪತ್ತೈದರಲ್ಲೂ ಆಕೆಯ ಮಾತು ಪೂರ್ತಿ ಅಥವಾ ಬಹುಪಾಲು ತಪ್ಪು. ಉಳಿದವು ಇನ್ನೂ ಪತ್ತೆಯಾಗಿರಲಿಲ್ಲ, ಅಥವಾ ಹೋಲಿಸಿ ನೋಡುವಷ್ಟು ಮಾಹಿತಿ ಇರಲಿಲ್ಲ. ಸರಿ ಎಂದು ತೋರಿಸಬಹುದಾದದ್ದು ಒಂದೂ ಇಲ್ಲ. ತಾನು 88ನೇ ವಯಸ್ಸಿಗೆ ಸಾಯುತ್ತೇನೆ ಎಂದೂ ಆಕೆ ಹೇಳಿದ್ದರು. ತೀರಿಕೊಂಡದ್ದು 77ಕ್ಕೆ, 2013ರ ನವೆಂಬರ್‌ನಲ್ಲಿ.

ನಮ್ಮ ದೇಶದಲ್ಲೂ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. ಖಗೋಳ ವಿಜ್ಞಾನಿ ಜಯಂತ್ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 200 ಮಕ್ಕಳ ಜನ್ಮ ವಿವರ ಸಂಗ್ರಹಿಸಿದರು. ಅರ್ಧದಷ್ಟು ಮಕ್ಕಳು ಓದಿನಲ್ಲಿ ಮುಂದು, ಅರ್ಧದಷ್ಟು ಬುದ್ಧಿಮಾಂದ್ಯ ಮಕ್ಕಳು. ಜಾತಕ ನೋಡಿ ಯಾವ ಮಗು ಯಾವ ಗುಂಪು ಹೇಳಿ ಎಂದು ಜ್ಯೋತಿಷಿಗಳನ್ನು ಕರೆದರು. ಒಬ್ಬೊಬ್ಬರಿಗೆ 40 ಜಾತಕ. 27 ಜನ ಉತ್ತರ ಕಳಿಸಿದರು. ಸರಾಸರಿ ಶೇಕಡಾ 46 ಸರಿ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ನಿಮ್ಮ ನೋಟ್‌ಬುಕ್‌ನ ಲೆಕ್ಕಕ್ಕೂ ಇದೇ ಅಳತೆ ಇರಲಿ. ಹೌದು ಅಥವಾ ಇಲ್ಲ ಎಂಬ ಭವಿಷ್ಯವಾದರೆ ಅದನ್ನು ನಾಣ್ಯದ ಜೊತೆ ಹೋಲಿಸಿ. ಚುನಾವಣೆಯ ಭವಿಷ್ಯವಾದರೆ ದಿನಾ ಪೇಪರ್ ಓದುವ ನಿಮ್ಮ ಚಿಕ್ಕಪ್ಪನ ಊಹೆಯನ್ನೂ ಪಕ್ಕದಲ್ಲಿ ಬರೆದು ಹೋಲಿಸಿ.

ಪರೀಕ್ಷೆಗೆ ಬರುತ್ತಾರಾ ಎಂಬುದೂ ಒಂದು ಲೆಕ್ಕ. ಅತೀಂದ್ರಿಯ ಶಕ್ತಿ ತೋರಿಸಿದವರಿಗೆ 10 ಲಕ್ಷ ಡಾಲರ್ ಎಂದು ರ‍್ಯಾಂಡಿ ಇಟ್ಟ ಬಹುಮಾನ 2015ರವರೆಗೂ ಹಾಗೇ ಇತ್ತು. ಬ್ರೌನ್ 2001ರಲ್ಲಿ ಟಿವಿಯಲ್ಲೇ ಒಪ್ಪಿದರು, ಪರೀಕ್ಷೆಗೆ ಬರಲೇ ಇಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದ್ದರು ಎಂಬುದು ನಮ್ಮ ಹೆಮ್ಮೆ.

ಮಾತು ತಿರುಗುವುದನ್ನು ಗಮನಿಸಿ

2006ರ ಜನವರಿ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸಾಗೋ ಗಣಿಯಲ್ಲಿ ಸ್ಫೋಟವಾಗಿ 13 ಕಾರ್ಮಿಕರು ಒಳಗೆ ಸಿಕ್ಕಿಬಿದ್ದಿದ್ದರು. 12 ಜನ ಬದುಕಿದ್ದಾರೆ ಎಂಬ ಸುದ್ದಿ ಮೊದಲು ಬಂತು. ಆಗ ಬ್ರೌನ್ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ನೇರಪ್ರಸಾರದಲ್ಲಿದ್ದರು. ಅವರು ಸಿಗುತ್ತಾರೆ ಎಂದು ನನಗೆ ಗೊತ್ತಿತ್ತು ಎಂದರು. ಕಾರ್ಯಕ್ರಮ ಮುಗಿಯುವ ಮೊದಲೇ ಸುದ್ದಿ ಬದಲಾಯಿತು. 12 ಜನ ಸತ್ತಿದ್ದರು, ಬದುಕಿದ್ದು ಒಬ್ಬರೇ. ಬ್ರೌನ್ ಮಾತೂ ಬದಲಾಯಿತು. ಯಾರೂ ಬದುಕಿದ್ದಾರೆ ಎಂದು ನನಗೆ ಅನಿಸಿರಲಿಲ್ಲ ಎಂಬಂತೆ ಮಾತಾಡಿದರು.

ಹಾಗಾಗಿ ಭವಿಷ್ಯ ತಪ್ಪಾದ ದಿನ ನೋಟ್‌ಬುಕ್‌ನಲ್ಲಿ ಮತ್ತೊಂದು ಸಾಲು ಸೇರಿಸಿ. ಈಗ ಅವರು ಏನು ಹೇಳುತ್ತಿದ್ದಾರೆ? "ನಾನು ಹಾಗೆ ಹೇಳಲಿಲ್ಲ", "ಪೂಜೆ ಮಾಡಿಸಿದ್ದಕ್ಕೆ ತಪ್ಪಿತು", "ಕೊಟ್ಟ ಹುಟ್ಟಿದ ಸಮಯವೇ ಸರಿಯಿರಲಿಲ್ಲ" ಎಂಬಂಥ ಮಾತುಗಳೇ ಹೆಚ್ಚಾಗಿ ಬರುತ್ತವೆ. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟದಿಂದ ಪ್ರಳಯ ಎಂದು ದೇಶವೇ ಹೆದರಿತ್ತು. ಅಜ್ಜಿ ಹೇಳುತ್ತಿದ್ದರು, ಏನೂ ಆಗದೆ ದಿನ ಕಳೆದಾಗ "ಹೋಮಗಳಿಂದ ಉಳಿದೆವು" ಎಂದು ಊರವರು ಮಾತಾಡಿಕೊಂಡರಂತೆ.

ನಷ್ಟ ಯಾರಿಗೆ ಎಂದು ಕೇಳಿ

ಅಮೆರಿಕದ ಮಿಸೌರಿಯ ಶಾನ್ ಹಾರ್ನ್‌ಬೆಕ್ ಎಂಬ 11 ವರ್ಷದ ಹುಡುಗ 2002ರ ಅಕ್ಟೋಬರ್‌ನಲ್ಲಿ ಸೈಕಲ್ ಮೇಲೆ ಹೋದವನು ಕಾಣೆಯಾದ. ಮರುವರ್ಷ ಅದೇ ಮಾಂಟೆಲ್ ವಿಲಿಯಮ್ಸ್ ಶೋನಲ್ಲಿ ಅವನ ತಂದೆತಾಯಿಗೆ ಬ್ರೌನ್ ಹೇಳಿದ್ದು, ಅವನು ಸತ್ತಿದ್ದಾನೆ, ಶವ ಕಾಡಿನಲ್ಲಿ ಎರಡು ಬಂಡೆಗಳ ಹತ್ತಿರ ಇದೆ, ಹಿಡಿದುಕೊಂಡು ಹೋದವನು ಜಡೆಗೂದಲಿನ ಕಪ್ಪು ಬಣ್ಣದವನು. 2007ರ ಜನವರಿಯಲ್ಲಿ ಪೊಲೀಸರು ಇನ್ನೊಬ್ಬ ಹುಡುಗನನ್ನು ಹುಡುಕುತ್ತಾ ಒಂದು ಅಪಾರ್ಟ್‌ಮೆಂಟಿಗೆ ಹೋದಾಗ ಶಾನ್ ಜೀವಂತ ಸಿಕ್ಕಿದ. ಅವನನ್ನು ಇಟ್ಟುಕೊಂಡಿದ್ದವನು ಬಿಳಿಯ, ಜಡೆಗೂದಲೂ ಇರಲಿಲ್ಲ. ಜನ ಆ ಬಂಡೆಗಳನ್ನು ಹುಡುಕುತ್ತಾ ಕಾಡು ಸುತ್ತಿದ ಹೊತ್ತಿನಲ್ಲಿ ಮಗು ಆ ಮನೆಯೊಳಗೆ ಇತ್ತು.

ಏನೂ ತಪ್ಪು ಮಾಡದವರ ಮೇಲೂ ಬೀಳಬಹುದು. 2011ರ ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಮಹಿಳೆ ಪೊಲೀಸರಿಗೆ ಫೋನ್ ಮಾಡಿ, ಇಂಥ ಮನೆಯ ಹತ್ತಿರ ಬಹಳ ಶವಗಳನ್ನು ಹೂತಿದ್ದಾರೆ, ನನಗೆ ಕಾಣುತ್ತಿದೆ ಎಂದರು. ಮನೆಯ ಮೇಲೆ ಟಿವಿ ಹೆಲಿಕಾಪ್ಟರ್‌ಗಳು ಸುತ್ತಿದವು. ಒಂದು ಶವವೂ ಇರಲಿಲ್ಲ. ಮನೆಯವರು ಕೋರ್ಟಿಗೆ ಹೋದರು. ಆ ಮಹಿಳೆ ಸುಮಾರು 68 ಲಕ್ಷ ಡಾಲರ್ ಕೊಡಬೇಕು ಎಂದು 2013ರಲ್ಲಿ ತೀರ್ಪು ಬಂತು.

ಆದ್ದರಿಂದ ಪ್ರತಿ ಭವಿಷ್ಯದ ಪಕ್ಕದಲ್ಲೂ ಒಂದು ಪ್ರಶ್ನೆ ಬರೆಯಿರಿ. ಇದು ತಪ್ಪಾದರೆ ಯಾರು ಏನು ಕಳೆದುಕೊಳ್ಳುತ್ತಾರೆ? ಹೇಳಿದವರು ಏನು ಕಳೆದುಕೊಳ್ಳುತ್ತಾರೆ? ಉತ್ತರ ಬರೆದಾಗ ಕೈ ತಾನಾಗಿ ನಿಲ್ಲುತ್ತದೆ.

ಮನೆಯಲ್ಲೇ ಯಾರಾದರೂ ಕಾಣೆಯಾದರೆ

ನಮ್ಮ ಸಂಬಂಧಿಕರ ಮನೆಯ ಹುಡುಗನೊಬ್ಬ ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆ ಬಿಟ್ಟು ಹೋದ. ಮನೆಯವರು ಮೊದಲು ಓಡಿದ್ದು ಅಂಜನ ಹಾಕಿ ನೋಡುವವರ ಹತ್ತಿರ. "ದಕ್ಷಿಣಕ್ಕೆ ಇದ್ದಾನೆ, ನೀರಿನ ಹತ್ತಿರ, ಮೂರು ದಿನದಲ್ಲಿ ತಾನಾಗೇ ಬರುತ್ತಾನೆ" ಎಂದರಂತೆ. ಮೂರು ದಿನ ಕಾದರು. ನಾಲ್ಕನೇ ದಿನ ಪೊಲೀಸ್ ದೂರು. ಹುಡುಗ ಉತ್ತರದ ಊರೊಂದರ ಹೋಟೆಲ್‌ನಲ್ಲಿ ಲೋಟ ತೊಳೆಯುತ್ತಿದ್ದ. ಸಿಕ್ಕಿದ, ನಮ್ಮ ಪುಣ್ಯ. ಆ ಮೂರು ದಿನ ಅವನ ತಾಯಿ ಅನ್ನ ಮುಟ್ಟಿರಲಿಲ್ಲ.

ದಯವಿಟ್ಟು ಹೀಗೆ ಕಾಯಬೇಡಿ. 24 ಗಂಟೆ ಕಳೆಯಬೇಕು ಎಂಬ ನಿಯಮ ಇಲ್ಲ. ತಕ್ಷಣ 112ಕ್ಕೆ ಫೋನ್ ಮಾಡಿ, ಹತ್ತಿರದ ಠಾಣೆಗೆ ಹೋಗಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಝೀರೋ ಎಫ್‌ಐಆರ್ ಮಾಡಿಸಬಹುದು. 18 ತುಂಬದ ಮಗುವಾದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಕ್ಕಳ ಸಹಾಯವಾಣಿ 1098. ಇತ್ತೀಚಿನ ಫೋಟೋ, ತೊಟ್ಟಿದ್ದ ಬಟ್ಟೆ, ಫೋನ್ ನಂಬರ್, ಗೆಳೆಯರ ಪಟ್ಟಿ ಕೊಡಿ. ರಸ್ತೆಯ ಅಂಗಡಿಗಳ ಸಿಸಿಟಿವಿ ಬೇಗ ಕೇಳಿ, ಹಳೆಯ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ.

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅಂಥ ಹೊತ್ತಲ್ಲಿ ಯಾರಾದರೂ ಅಂಜನಕ್ಕೆ, ಪ್ರಶ್ನೆಗೆ ಹೊರಟರೆ ಬಯ್ಯಬೇಡಿ. "ಆಯ್ತು, ಮೊದಲು ಠಾಣೆಗೆ ಹೋಗಿ ಬರೋಣ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಜೊತೆಗೆ ಹೊರಡಿ. "ಸತ್ತಿದ್ದಾರೆ" ಎಂದು ಯಾರಾದರೂ ಹೇಳಿ ಕಳಿಸಿದ್ದರೆ ಲೂವಾನಾ ಮಿಲ್ಲರ್ ಕಥೆ ಹೇಳಿ. ಫೋಟೋ ಗೋಡೆಯ ಮೇಲೇ ಇರಲಿ ಎನ್ನಿ.

ಕೊನೆಗೆ, ದೂರು ಕೊಡಿ

ಕರ್ನಾಟಕದ 2017ರ ಮೌಢ್ಯ ತಡೆ ಕಾಯ್ದೆ ಜ್ಯೋತಿಷ್ಯ, ವಾಸ್ತುಗಳ ಸಲಹೆಯನ್ನು ಮುಟ್ಟುವುದಿಲ್ಲ. ಆದರೆ ಮೂಢನಂಬಿಕೆ ಬೆಳೆಸುವ ಕಾರ್ಯಕ್ರಮ ಟಿವಿಯಲ್ಲಿ ಬರಬಾರದು ಎಂದು 1994ರ ಕೇಬಲ್ ಟಿವಿ ನಿಯಮಗಳಲ್ಲಿದೆ. ಚಾನೆಲ್‌ನ ದೂರು ಅಧಿಕಾರಿಗೆ ಇಮೇಲ್ ಕಳಿಸಿ. ಕಾರ್ಯಕ್ರಮದ ಹೆಸರು, ದಿನ, ಸಮಯ, ಹೇಳಿದ ಮಾತು, ಆದ ತೊಂದರೆ ಬರೆಯಿರಿ. 24 ಗಂಟೆಯೊಳಗೆ ಸ್ವೀಕೃತಿ ಬರಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು, ಅದನ್ನೂ 15 ದಿನದೊಳಗೆ ಹಾಕಬೇಕು. ದಿನ, ಸಮಯ, ಹೇಳಿದ ಮಾತು ಎಲ್ಲವೂ ನಿಮ್ಮ ನೋಟ್‌ಬುಕ್‌ನಲ್ಲಿ ಆಗಲೇ ಇವೆ.